ಎಷ್ಟನೇ ಅಧ್ಯಾಯದಲ್ಲಿದ್ದೀರಿ ಎಂದು ಕೇಳುವವರ ಪರವಾಗಿ

ಆನ್‌ಲೈನ್ ಪುಸ್ತಕ ಬಳಗಗಳಲ್ಲಿ ಒಂದು ಮಾತು ಆಗಾಗ ಕಾಣಿಸುತ್ತದೆ. "ಇಲ್ಲಿ ಪುಸ್ತಕದ ಬಗ್ಗೆ ಮಾತ್ರ ಬರೆಯಿರಿ, ಹರಟೆ ಬೇಡ." ಗುಂಪು ನಡೆಸುವವರ ಕಷ್ಟ ನನಗೆ ಗೊತ್ತು. ಬೆಳಗಾದರೆ ಫಾರ್ವರ್ಡ್ ಸಂದೇಶಗಳು, ಶುಭೋದಯದ ಚಿತ್ರಗಳು, ಎಲ್ಲಿಂದಲೋ ಬಂದ ಲಿಂಕುಗಳು. ಅವನ್ನು ತಡೆಯಲೇಬೇಕು. ಆದರೆ ಈ ನಿಯಮ ಬಂದ ಮೇಲೆ ನಿಂತುಹೋಗುವುದು ಅವಷ್ಟೇ ಅಲ್ಲ. "ನಾನಿನ್ನೂ ಮೂರನೇ ಅಧ್ಯಾಯದಲ್ಲೇ ಇದ್ದೀನಿ", "ಈ ವಾರ ಒಂದು ಪುಟವೂ ಓದೋಕಾಗಲಿಲ್ಲ", "ಈ ತಮ್ಮನ ಪಾತ್ರ ಯಾಕೋ ಸರಿ ಕಾಣ್ತಿಲ್ಲ, ನಿಮಗೂ ಹಾಗೇ ಅನ್ನಿಸ್ತಾ?" ಇಂಥ ಸಣ್ಣ ಮಾತುಗಳೂ ನಿಂತುಹೋಗುತ್ತವೆ. ಬರೆಯುವವರಿಗೇ ಅನುಮಾನ ಶುರುವಾಗುತ್ತದೆ, ಇದು ಹರಟೆಯೋ ಚರ್ಚೆಯೋ ಅಂತ. ಬರೆದದ್ದನ್ನು ಅಳಿಸಿ ಸುಮ್ಮನಾಗುತ್ತಾರೆ.

ಪುಸ್ತಕ ಬಳಗ ನಿಂತಿರುವುದೇ ಈ ಸಣ್ಣ ಮಾತುಗಳ ಮೇಲೆ ಅಂತ ನಾನು ನಂಬಿದ್ದೇನೆ. ತಿಂಗಳ ಕೊನೆಯ ದೊಡ್ಡ ಚರ್ಚೆಗಿಂತ ನನಗೆ ಇವೇ ಜಾಸ್ತಿ ಮುಖ್ಯ.

ಕಾರಣ ಹೇಳುತ್ತೇನೆ. ಕಾದಂಬರಿ ಓದಿ ಮುಗಿಸಿದ ಮೇಲೆ ನಮಗೆ ಕೊನೆ ಗೊತ್ತಿರುತ್ತದೆ. ಆಮೇಲೆ ಹೇಳುವುದೆಲ್ಲ ಆ ಕೊನೆಯನ್ನು ಇಟ್ಟುಕೊಂಡೇ ಹೇಳುತ್ತೇವೆ. "ಮೊದಲಿನಿಂದಲೂ ನನಗೆ ಅವನ ಮೇಲೆ ಅನುಮಾನ ಇತ್ತು" ಅನ್ನುವವರು ತುಂಬಾ ಜನ ಸಿಗುತ್ತಾರೆ. ನಿಜವಾಗಿ ಇತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲ, ನೆನಪು ಹಾಗೇ ಇರುತ್ತದೆ. ಆದರೆ ಅರ್ಧ ಓದಿದಾಗ ಹೇಳಿದ ಮಾತಿನಲ್ಲಿ ಆ ಹೊತ್ತಿನ ಓದು ಹಾಗೇ ಉಳಿದಿರುತ್ತದೆ. ಯಾರನ್ನು ನಂಬಿದ್ದರು, ಎಲ್ಲಿ ಬೇಸರವಾಯಿತು, ಯಾವ ಸಾಲನ್ನು ಎರಡು ಸಲ ಓದಿದರು, ಎಲ್ಲಿ ಹೆಸರುಗಳು ಗೋಜಲಾದವು. ಲೇಖಕರು ಕಟ್ಟಿದ ಕುತೂಹಲ ಓದುಗರ ಮೇಲೆ ಹೇಗೆ ಕೆಲಸ ಮಾಡಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮುಗಿಸಿದ ಮೇಲೆ ಬರೆಯುವ ಅಚ್ಚುಕಟ್ಟಾದ ವಿಮರ್ಶೆಯಲ್ಲಿ ಇದು ಸಿಗುವುದು ಕಷ್ಟ. ಹತ್ತು ಜನ ಬೇರೆ ಬೇರೆ ಅಧ್ಯಾಯಗಳಲ್ಲಿ ನಿಂತು ಒಂದೇ ಪಾತ್ರದ ಬಗ್ಗೆ ಮಾತಾಡುತ್ತಿದ್ದರೆ ಅದೇ ಒಂದು ಚರ್ಚೆ. ಅದಕ್ಕೆ ದಿನಾಂಕ ಗೊತ್ತುಮಾಡಿ ಕರೆಯಬೇಕಾಗಿಲ್ಲ.

ಇನ್ನು ಹೆಬ್ಬೆರಳಿನ ವಿಷಯ. ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಬಂದಿದ್ದು 2009ರಲ್ಲಿ. ವಾಟ್ಸ್‌ಆ್ಯಪ್ ಸಂದೇಶದ ಮೇಲೇ ಎಮೋಜಿ ಒತ್ತುವ ಸೌಲಭ್ಯ ಬಂದಿದ್ದು 2022ರಲ್ಲಿ. ಇವು ಬೇಡ ಅಂತ ನಾನು ಹೇಳುವುದಿಲ್ಲ. "ಸಭೆ ಏಳು ಗಂಟೆಗೆ" ಅನ್ನುವ ಸಂದೇಶಕ್ಕೆ ಹೆಬ್ಬೆರಳು ಸಾಕು, ನೂರು ಜನ "ಸರಿ" ಅಂತ ಬರೆಯುವುದು ತಪ್ಪುತ್ತದೆ. ಆದರೆ ಯಾರೋ ಒಬ್ಬರು ಧೈರ್ಯ ಮಾಡಿ, "ಈ ಅಧ್ಯಾಯ ಓದಿ ನಿದ್ದೆ ಬರಲಿಲ್ಲ" ಅಂತ ಬರೆದಾಗ ಅದಕ್ಕೂ ಬರೀ ಹೆಬ್ಬೆರಳು ಸಿಕ್ಕರೆ ಮಾತು ಅಲ್ಲೇ ಮುಗಿಯುತ್ತದೆ. ಅವರು ಬರೆದಿದ್ದು ಮೆಚ್ಚುಗೆಗಾಗಿ ಅಲ್ಲ. ಇನ್ನೊಬ್ಬರಿಗೂ ಹಾಗೇ ಆಯಿತಾ ಅಂತ ತಿಳಿಯುವುದಕ್ಕೆ. "ಯಾವ ಜಾಗ? ಆ ಪತ್ರ ಬರುವ ಕಡೆನಾ?" ಅಂತ ಒಂದು ಸಾಲು ಕೇಳಿ ನೋಡಿ. ಅವರು ನಾಲ್ಕು ಸಾಲು ಬರೆಯುತ್ತಾರೆ. ಆ ನಾಲ್ಕು ಸಾಲು ನೋಡಿ ಇಲ್ಲಿಯವರೆಗೂ ಸುಮ್ಮನಿದ್ದ ಇನ್ನೊಬ್ಬರು ಬಾಯಿ ಬಿಡುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಳ್ಳೆಯ ಬಳಗದಲ್ಲಿ ಚೆನ್ನಾಗಿ ಬರೆಯುವವರಿಗಿಂತ ಚೆನ್ನಾಗಿ ಕೇಳುವವರು ಬೇಕು.

ಅರ್ಧಕ್ಕೆ ಬಿಟ್ಟವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ನನಗೆ ಈ ಪುಸ್ತಕ ಹಿಡಿಸಲಿಲ್ಲ, ಬಿಟ್ಟುಬಿಟ್ಟೆ" ಅಂತ ಯಾರಾದರೂ ಬರೆದರೆ ಬರುವ ಉತ್ತರಗಳು ನಿಮಗೂ ಗೊತ್ತಿರುತ್ತವೆ. "ಇನ್ನೈವತ್ತು ಪುಟ ಓದಿ, ಆಮೇಲೆ ಚೆನ್ನಾಗಿದೆ." "ಇದನ್ನು ತಾಳ್ಮೆಯಿಂದ ಓದಬೇಕು." "ಇಂಥ ಪುಸ್ತಕ ಎಲ್ಲರಿಗೂ ಅಲ್ಲ." ಮೊದಲನೆಯದು ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಮೂರನೆಯದು ಹಾಗಲ್ಲ, ಅದು ಎದುರಿನವರನ್ನು ಸಣ್ಣವರನ್ನಾಗಿ ಮಾಡುತ್ತದೆ. ಒಂದು ಸಲ ಇಂಥ ಉತ್ತರ ಸಿಕ್ಕವರು ಮತ್ತೆ ನಿಜ ಹೇಳುವುದಿಲ್ಲ. ಮುಂದಿನ ತಿಂಗಳು ಓದದೆಯೇ "ಅದ್ಭುತ" ಅಂತ ಬರೆದು ಸುಮ್ಮನಾಗುತ್ತಾರೆ. ಎಲ್ಲರೂ ಎಲ್ಲ ಪುಸ್ತಕಗಳಿಗೂ "ಅದ್ಭುತ" ಅನ್ನುವ ಗುಂಪಿನಲ್ಲಿ ಕಲಿಯುವುದೇನೂ ಇರುವುದಿಲ್ಲ.

ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆ. "ಎಲ್ಲಿ ಬಿಟ್ಟಿರಿ?" ಇಷ್ಟೇ. ಬಿಟ್ಟ ಜಾಗ ತುಂಬಾ ವಿಷಯ ಹೇಳುತ್ತದೆ. ನಾಲ್ಕೈದು ಜನ ಒಂದೇ ಅಧ್ಯಾಯದಲ್ಲಿ ನಿಂತಿದ್ದರೆ ಆ ಅಧ್ಯಾಯದಲ್ಲಿ ಏನೋ ಇದೆ. ನಿರೂಪಕ ಬದಲಾಗಿರಬಹುದು, ಕಥೆ ಇದ್ದಕ್ಕಿದ್ದಂತೆ ಹಿಂದಿನ ಕಾಲಕ್ಕೆ ಹೋಗಿರಬಹುದು, ಅನುವಾದ ಅಲ್ಲಿ ಬಿಗಿಯಾಗಿರಬಹುದು. ಓದಿ ಮುಗಿಸಿದವರಿಗೆ ಅದು ಹೊಳೆದಿರುವುದಿಲ್ಲ, ಅವರು ದಾಟಿಕೊಂಡು ಹೋಗಿರುತ್ತಾರೆ. ನನ್ನ ಅನುಭವದಲ್ಲಿ ಬಳಗದ ಒಳ್ಳೆಯ ಮಾತುಕತೆಗಳಲ್ಲಿ ಹೆಚ್ಚಿನವು ಶುರುವಾಗಿದ್ದು ಯಾರೋ ಒಬ್ಬರು "ಬಿಟ್ಟೆ" ಅಂದಿದ್ದರಿಂದ.

ಸುಮ್ಮನಿರುವವರ ಮೇಲೆ ಸಿಟ್ಟು ಮಾಡಿಕೊಳ್ಳುವ ನಿರ್ವಾಹಕರಿಗೂ ಒಂದು ಮಾತು. ಇಂಟರ್‌ನೆಟ್ ಬಳಕೆಯ ಬಗ್ಗೆ ಬರೆಯುವ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಆನ್‌ಲೈನ್ ಸಮುದಾಯಗಳಲ್ಲಿ ಸುಮಾರಾಗಿ 100ರಲ್ಲಿ 90 ಜನ ಓದುತ್ತಾರೆ ಅಷ್ಟೇ, 9 ಜನ ಆಗೀಗ ಬರೆಯುತ್ತಾರೆ, ಹೆಚ್ಚಿನದನ್ನೆಲ್ಲ ಬರೆಯುವವರು ಒಬ್ಬರು ಅಂತ. ಇದು ಅಂದಾಜಿನ ಲೆಕ್ಕ, ಸಣ್ಣ ಗುಂಪುಗಳಲ್ಲಿ ಹೆಚ್ಚು ಜನ ಮಾತಾಡಬಹುದು. ಆದರೂ "ಮೂರು ತಿಂಗಳು ಏನೂ ಬರೆಯದವರನ್ನು ತೆಗೆದುಹಾಕಲಾಗುವುದು" ಅನ್ನುವ ನಿಯಮ ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಸುಮ್ಮನಿರುವವರು ಓದುತ್ತಿಲ್ಲ ಅಂತ ಯಾರು ಹೇಳಿದರು? ನಾವು ಬರೆದ ಸಣ್ಣ ಸಾಲು ನೋಡಿ ಅವರು ಪುಸ್ತಕ ಹುಡುಕಿ ಓದಿರಬಹುದು. ಓದಿ ತಮ್ಮ ಮನೆಯಲ್ಲಿ ಅದರ ಬಗ್ಗೆ ಮಾತಾಡಿರಬಹುದು. ಪುಸ್ತಕ ಬಳಗದ ಕೆಲಸ ಅದೇ ಅಲ್ವಾ?

ವೀಡಿಯೊ ಸಭೆಗಳಲ್ಲೂ ಇದೇ ದೂರು. ಮೂವತ್ತು ಜನ ಬರುತ್ತಾರೆ, ಮೂರು ಜನ ಮಾತಾಡುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಅವರ ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾನಾಗಿ ನಡೆಯುವ ಮಾತುಕತೆಯಲ್ಲಿ ಸಾಮಾನ್ಯವಾಗಿ ನಾಲ್ಕು ಜನಕ್ಕಿಂತ ಹೆಚ್ಚು ಇರುವುದಿಲ್ಲ. ಐದನೆಯವರು ಬಂದರೆ ಅದು ಎರಡಾಗಿ ಒಡೆಯುತ್ತದೆ. ಎದುರುಬದುರು ಕೂತಿದ್ದರೆ ಜನ ಪಕ್ಕದವರ ಕಡೆ ತಿರುಗಿ ಬೇರೆ ಮಾತು ಶುರುಮಾಡುತ್ತಾರೆ. ವೀಡಿಯೊದಲ್ಲಿ ಪಕ್ಕ ಅನ್ನುವುದೇ ಇಲ್ಲ. ಎಲ್ಲರ ಮುಂದೆ ಮಾತಾಡಬೇಕು, ಇಲ್ಲವೇ ಮೈಕ್ ಮುಚ್ಚಿ ಕೂರಬೇಕು. ಹಾಗಾಗಿ ಸಭೆಯ ಮೊದಲ ಹದಿನೈದು ನಿಮಿಷ ನಾಲ್ಕು ನಾಲ್ಕು ಜನರನ್ನು ಬೇರೆ ಬೇರೆ ಕೋಣೆಗಳಿಗೆ ಕಳಿಸಿ. ಝೂಮ್‌ನಲ್ಲಿ ಆ ಸೌಲಭ್ಯ ಇದ್ದೇ ಇದೆ. ಅಲ್ಲಿ ಎಷ್ಟನೇ ಅಧ್ಯಾಯದಲ್ಲಿದ್ದೀರಿ ಅಂತ ಕೇಳಿಕೊಂಡು ಬಂದವರು ದೊಡ್ಡ ಸಭೆಯಲ್ಲೂ ಮೈಕ್ ತೆರೆಯುತ್ತಾರೆ.

ಕಥೆಯ ಗುಟ್ಟು ಬಿಟ್ಟುಕೊಡುವ ಜಗಳ ಎಲ್ಲ ಗುಂಪಿನಲ್ಲೂ ಇದೆ. ನಡುವೆ ಮಾತಾಡಲು ಬಿಟ್ಟರೆ ಯಾರಾದರೂ ಕೊನೆ ಹೇಳಿಬಿಡುತ್ತಾರೆ ಅನ್ನುವ ಭಯ ನ್ಯಾಯವಾದದ್ದೇ. 2011ರಲ್ಲಿ ಲೀವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಅನ್ನುವ ಇಬ್ಬರು ಸಂಶೋಧಕರು 12 ಸಣ್ಣಕಥೆಗಳನ್ನು ಓದಿಸಿ ಪರೀಕ್ಷೆ ಮಾಡಿದರು. ಕೊನೆ ಮೊದಲೇ ಗೊತ್ತಿದ್ದವರಿಗೇ ಕಥೆ ಹೆಚ್ಚು ಹಿಡಿಸಿತ್ತು. ಕೆಲವೇ ವರ್ಷಗಳಲ್ಲಿ ಬೇರೆಯವರು ಮಾಡಿದ ಅಧ್ಯಯನದಲ್ಲಿ ಫಲಿತಾಂಶ ಉಲ್ಟಾ ಬಂತು. ಅಧ್ಯಯನ ಏನೇ ಹೇಳಲಿ, ನನಗೆ ಕೊನೆ ಬೇಡ ಅಂತ ಒಬ್ಬರು ಹೇಳಿದರೆ ಅದನ್ನು ಕಾಪಾಡುವುದು ಮರ್ಯಾದೆ. ಆದರೆ ಅದಕ್ಕಾಗಿ ಎಲ್ಲರ ಬಾಯಿ ಮುಚ್ಚಿಸಬೇಕಾಗಿಲ್ಲ. ಸಂದೇಶದ ಮೊದಲಿಗೆ "ಅಧ್ಯಾಯ 7ರವರೆಗೆ" ಅಂತ ಹಾಕಿದರೆ ಸಾಕು. ಪುಟದ ಸಂಖ್ಯೆ ಬೇಡ. ಆವೃತ್ತಿ ಬದಲಾದರೆ ಪುಟ ಬದಲಾಗುತ್ತದೆ, ಇ-ಪುಸ್ತಕ ಓದುವವರಿಗೆ ಶೇಕಡಾ ಲೆಕ್ಕ ಕಾಣುತ್ತದೆ, ಕೇಳುಪುಸ್ತಕದವರಿಗೆ ಗಂಟೆ ನಿಮಿಷ. ಅಧ್ಯಾಯ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಟೆಲಿಗ್ರಾಂನಲ್ಲಿ ಸಾಲನ್ನು ಮಸುಕು ಮಾಡಿ ಮುಚ್ಚಿಡುವ ಸೌಲಭ್ಯವೂ ಇದೆ, ಬೇಕಾದವರು ಒತ್ತಿ ಓದಬಹುದು.

ಹಿಂದುಳಿದವರಿಗೂ ಜಾಗ ಇರಬೇಕು. ಎಲ್ಲರೂ ಮುಂದಿನ ಪುಸ್ತಕಕ್ಕೆ ಹೋದ ಮೇಲೆ ಒಬ್ಬರು ಹಳೆಯ ಸಂದೇಶ ಹುಡುಕಿ, "ಈಗ ಓದಿ ಮುಗಿಸಿದೆ, ನೀವು ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ" ಅಂತ ಉತ್ತರಿಸುತ್ತಾರೆ. ಅವರಿಗೆ "ಅದು ಮುಗಿದ ಚರ್ಚೆ" ಅನ್ನಬೇಡಿ. ಒಂದೇ ದಿನ ಒಂದೇ ಹೊತ್ತಿಗೆ ಎಲ್ಲರೂ ಓದಿರಬೇಕು ಅನ್ನುವುದು ಎದುರುಬದುರು ಕೂತು ಮಾತಾಡುವ ಬಳಗಕ್ಕೆ ಬೇಕಾದ ನಿಯಮ. ಇಲ್ಲಿ ಬರೆದದ್ದು ಉಳಿದಿರುತ್ತದೆ, ಯಾವಾಗ ಬೇಕಾದರೂ ಮುಂದುವರಿಸಬಹುದು.

ಹರಟೆಗೆ ಅಂತ ಬೇರೆ ಗುಂಪು ಮಾಡುವ ಯೋಚನೆಯಲ್ಲಿ ಇರುವವರಿಗೆ ನನ್ನ ಸಲಹೆ ಇದು. ಫಾರ್ವರ್ಡುಗಳನ್ನು, ಜಾಹೀರಾತುಗಳನ್ನು ಖಂಡಿತ ಹೊರಗಿಡಿ. ಓದಿನ ಬಗೆಗಿನ ಸಣ್ಣ ಮಾತುಗಳನ್ನು ಮಾತ್ರ ಅವುಗಳ ಜೊತೆ ಸೇರಿಸಬೇಡಿ. ನಿಯಮದಲ್ಲಿ ಒಂದು ಸಾಲು ಬದಲಿಸಿ: "ಎಲ್ಲಿಯವರೆಗೆ ಓದಿದ್ದೀರಿ, ಏನನ್ನಿಸಿತು, ಯಾಕೆ ಬಿಟ್ಟಿರಿ, ಯಾವಾಗ ಬೇಕಾದರೂ ಬರೆಯಿರಿ." ಮೊದಲ ಸಂದೇಶವನ್ನು ನಿರ್ವಾಹಕರೇ ಹಾಕಲಿ. ಅದಕ್ಕೆ ಉತ್ತರ ಕೊಡುವವರು ಒಂದು ಪ್ರಶ್ನೆಯನ್ನೂ ಸೇರಿಸಲಿ.