ಗೇಟಿನ ಆಚೆ ಬ್ಯಾಂಡು, ಈಚೆ ಮದುಮಗ

ದೊಡ್ಡಪ್ಪನ ಮಗನ ಮದುವೆಗೆ ಬ್ಯಾಂಡ್ ಗೊತ್ತು ಮಾಡುವ ಕೆಲಸ ನನ್ನ ತಲೆಗೆ ಬಂತು. ಹೈಸ್ಕೂಲಿನಲ್ಲಿ ಆಗಸ್ಟ್ 15ರ ಪೆರೇಡಿಗೆ ನಾನು ಸೈಡ್ ಡ್ರಮ್ ಬಾರಿಸಿದ್ದೆ ಅನ್ನುವುದೇ ಅದಕ್ಕೆ ಕಾರಣ. ಬಾರಿಸಿದ್ದು ಒಂದೇ ವರ್ಷ. ಮರುವರ್ಷ ಮೇಷ್ಟ್ರು ಡ್ರಮ್ ಕಿತ್ತುಕೊಂಡು ಕೈಗೆ ಬಾವುಟ ಕೊಟ್ಟಿದ್ದರು. ಈ ಎರಡನೇ ಭಾಗವನ್ನು ಮನೆಯಲ್ಲಿ ನಾನು ಹೇಳಿರಲಿಲ್ಲ.

"ಒಳ್ಳೇ ಬ್ಯಾಂಡ್ ನೋಡಪ್ಪ. ನಿಂಗೆ ಗೊತ್ತಾಗುತ್ತಲ್ಲ" ಅಂದರು ದೊಡ್ಡಪ್ಪ.

ದಾವಣಗೆರೆಯ ಹಳೇ ಪೇಟೆಯ ಗಲ್ಲಿಯೊಂದರಲ್ಲಿ ಬ್ಯಾಂಡಿನ ಅಂಗಡಿ ಸಿಕ್ಕಿತು. ಯಾವ ಹಾಡು ಬೇಕು, ಯಾವ ದೇವರ ಪದದಿಂದ ಶುರು ಮಾಡೋಣ ಅಂತೆಲ್ಲ ಕೇಳುತ್ತಾರೆ ಅಂದುಕೊಂಡು ತಯಾರಾಗಿ ಹೋಗಿದ್ದೆ. ಮಾಸ್ಟ್ರು ಕೇಳಿದ್ದು ಒಂದೇ ಮಾತು: "ಎಷ್ಟು ಮಂದಿ ಬೇಕ್ರೀ?"

ಮಂಡಿಯಲ್ಲಿ ಮೂಟೆ ಲೆಕ್ಕ ಹಾಕಿದ ಹಾಗೆ. ಏಳು ಮಂದಿಗೆ ಇಷ್ಟು, ಹನ್ನೊಂದಕ್ಕೆ ಇಷ್ಟು, ಹದಿನೈದಕ್ಕೆ ಇಷ್ಟು. ಒಳ್ಳೇ ಬ್ಯಾಂಡ್ ಅಂದರೆ ದೊಡ್ಡ ಬ್ಯಾಂಡ್ ತಾನೇ? ಹದಿನೈದು ಅಂದೆ. ಗೋಡೆಗೆ ನೇತುಹಾಕಿದ್ದ ಜರಿ ಪಟ್ಟಿಯ ಕೆಂಪು ಕೋಟುಗಳನ್ನು ನೋಡಿ ಅಡ್ವಾನ್ಸ್ ಕೊಟ್ಟು ಬಂದೆ. ಅವರು ಊದುವುದನ್ನು ಮಾತ್ರ ಕೇಳಲಿಲ್ಲ. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ನೋಡುವ ನಾವು ಬ್ಯಾಂಡಿನ ಮುಂದೆ ಯಾಕೋ ಸಂಕೋಚ ಪಡುತ್ತೇವೆ.

ಮದುವೆ ದಿನ ಸಂಜೆ ಹದಿನೈದು ಜನ ಬಂದರು. ಎಣಿಸಿ ನೋಡಿದೆ, ಲೆಕ್ಕ ಸರಿಯಿತ್ತು. ಖುಷಿಯಾಗಿ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿಕೊಟ್ಟೆ. ಮೊದಲ ತಪ್ಪು ಅದೇ. ಟ್ರಂಪೆಟ್ಟಿನಲ್ಲಿ ಸ್ವರ ಹುಟ್ಟುವುದು ಊದುವವನ ತುಟಿಯ ಅದುರಿನಿಂದ. ಅದರ ಮೇಲಿನ ಮೂರು ಗುಂಡಿ ಆಮೇಲಿನ ಮಾತು. ಮಿರ್ಚಿಯ ಖಾರಕ್ಕೆ ಉರಿಯುವ ತುಟಿ ಎಲ್ಲಿಂದ ಅದುರಬೇಕು? ಒಬ್ಬ ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಊದಲು ಹೋಗಿ, ಕಾಳು ಒಳಗೆ ಸಿಕ್ಕಿಕೊಂಡು, ಟ್ರಂಪೆಟ್ಟನ್ನು ತಲೆಕೆಳಗು ಮಾಡಿ ತಟ್ಟುತ್ತಾ ನಿಂತ.

ಹುಡುಗರಾಗಿದ್ದಾಗ ಓಲಗದವರ ಎದುರು ನಿಂತು ಹುಣಸೆಹಣ್ಣು ಚೀಪಿ, ಅವರ ಬಾಯಲ್ಲಿ ನೀರೂರಿಸಿ ಸ್ವರ ಕೆಡಿಸುತ್ತಿದ್ದೆವು. ಆ ಪಾಪ ತೀರಿಸಿಕೊಳ್ಳೋಣ ಅಂತ ಉಪಚಾರ ಮಾಡಿದರೆ ಹೀಗಾಯಿತು.

ಮೆರವಣಿಗೆ ಹೊರಟಿತು. ಸೈಡ್ ಡ್ರಮ್ಮಿನ ಹಳೇ ಹುಲಿ ನಾನು, ಪಕ್ಕದಲ್ಲೇ ನಡೆಯುತ್ತಾ ಒಬ್ಬೊಬ್ಬರ ಕೆನ್ನೆ ನೋಡಿದೆ. ಊದುವವನ ಕೆನ್ನೆ ಒಂದಿಷ್ಟಾದರೂ ಬಿಗಿಯಬೇಕಲ್ವಾ? ನಾಲ್ಕು ಜನರ ಕೆನ್ನೆ ಚಪ್ಪಟೆಯಾಗಿಯೇ ಇತ್ತು. ದೊಡ್ಡ ಯೂಫೋನಿಯಂ ಹೊತ್ತ ಹುಡುಗನ ವಾದ್ಯಕ್ಕೆ ಬಾಯಿಗಿಡುವ ತುಂಡೇ ಇರಲಿಲ್ಲ. ಕೋಟು ತುಂಬಿಸಲು ಕರೆತಂದವರು. ಅವರಲ್ಲೊಬ್ಬನ ಕೈಗೆ ಸ್ಯಾಕ್ಸೋಫೋನ್ ಕೊಟ್ಟಿದ್ದರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತು, ಅದಕ್ಕೆ ಕರ್ನಾಟಕ ಸಂಗೀತ ಕಲಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೆ ಒಯ್ದರು. ನಮ್ಮವನು ರೈಲ್ವೆ ಗೇಟಿನವರೆಗೂ ಅದನ್ನು ಬಾಯಿಗಿಡಲಿಲ್ಲ.

ಆ ಗೇಟೇ ಅಶೋಕ ಟಾಕೀಸ್ ಹತ್ತಿರದ್ದು. ದಾವಣಗೆರೆಯಲ್ಲಿ ತಡವಾಗಿ ಬಂದವರೆಲ್ಲರ ಕಾರಣ ಅದೇ ಆಗಿದ್ದ ಕಾಲ. ಲೈಟಿನವರು ದಾಟಿದರು, ಬ್ಯಾಂಡ್ ದಾಟಿತು, ಕುಣಿಯುವ ಹುಡುಗರು ದಾಟಿದರು, ವಿಡಿಯೋದವನು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ದಾಟಿದ. ಗಂಟೆ ಹೊಡೆಯಿತು. ಗೇಟು ಬಿತ್ತು. ಮದುಮಗನ ತೆರೆದ ಜೀಪು ಈಚೆಗೇ ಉಳಿಯಿತು. ಜೊತೆಗೆ ಬಾವುಟ ಹಿಡಿದಷ್ಟೇ ನೆಟ್ಟಗೆ ನಿಂತ ನಾನು.

ಬಂದಿದ್ದು ಗೂಡ್ಸ್ ಗಾಡಿ. ನಲವತ್ತೆರಡರವರೆಗೆ ಡಬ್ಬಿ ಎಣಿಸಿ ಬಿಟ್ಟೆ. ಆಚೆ ಕಡೆ ನಮ್ಮ ಬ್ಯಾಂಡಿನ ಸದ್ದು ಸಣ್ಣದಾಗುತ್ತಾ ಹೋಯಿತು. ಹದಿನೈದು ಜನರಲ್ಲಿ ಒಬ್ಬನಾದರೂ ಹಿಂದೆ ತಿರುಗಿ ನೋಡಿರಲಿಲ್ಲ!

ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಮದುವೆಯ ಮೆರವಣಿಗೆ ಬಂತು. ಸಾರೋಟಿನಲ್ಲಿ ಬೇರೆ ಮದುಮಗ. ಬ್ಯಾಂಡಿನವರು ಏಳೇ ಜನ, ಬಣ್ಣ ಮಾಸಿದ ಕೋಟು. ರೈಲಿನ ಸದ್ದಿಗೆ ಸಾರೋಟಿನ ಕುದುರೆ ಬೆದರಿ ಕಾಲು ಎತ್ತಿತು. ದೊಡ್ಡ ಡ್ರಮ್ಮಿನ ಮುದುಕ ಬಾಯಿ ಬಿಡಲಿಲ್ಲ, ಕೋಲನ್ನು ಸ್ವಲ್ಪ ಮೇಲೆತ್ತಿದ ಅಷ್ಟೇ. ಏಳೂ ಜನ ಒಂದೇ ಸಲ ನಿಂತರು. ರೈಲು ಹೋಗಿ ಕುದುರೆ ತಣ್ಣಗಾಗುವವರೆಗೆ ಕಾದರು. ಆಮೇಲೆ ಕ್ಲಾರಿನೆಟ್ಟಿನವನು ಕಿಸೆಯಿಂದ ರೀಡು, ಅಂದರೆ ಊದುವಾಗ ಅದುರುವ ತೆಳು ಪಟ್ಟಿ, ತೆಗೆದು, ನಾಲಿಗೆಯಲ್ಲಿ ನೆನೆಸಿ, ಕೂಡಿಸಿ, ಒಬ್ಬನೇ ಮೆಲ್ಲಗೆ ಎತ್ತಿಕೊಂಡ. ಒಣಗಿದ ರೀಡು ಕೀರಲು ಕಿರುಚುತ್ತದೆ. ನಮ್ಮ ಕ್ಲಾರಿನೆಟ್ಟು ಸಂಜೆಯೆಲ್ಲ ಬೆಕ್ಕಿನ ಬಾಲ ತುಳಿದ ಹಾಗೆ ಕೂಗಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಈ ಕ್ಲಾರಿನೆಟ್ಟಿನವನ ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ಟ್ರಂಪೆಟ್ ಜೊತೆಗೂಡಿತು. ಯಾರೂ ಸನ್ನೆ ಮಾಡಿದ್ದು ಕಾಣಲಿಲ್ಲ. ಬೆಳಗ್ಗೆ ನಮ್ಮ ಮನೆಯ ವೀರಭದ್ರ ದೇವರ ಗುಗ್ಗಳದಲ್ಲಿ ಸಮಾಳವೆಂಬ ಚರ್ಮವಾದ್ಯದವರು ಇಬ್ಬರೇ ಇದ್ದರೂ ಹೀಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾರಿಸಿದ್ದರು. ಆಗ ನಾನು ಅವರನ್ನು ಸರಿಯಾಗಿ ಕೇಳಿರಲೇ ಇಲ್ಲ, ಬ್ಯಾಂಡಿನವರಿಗೆ ಫೋನ್ ಮಾಡುವುದರಲ್ಲಿದ್ದೆ.

ಡ್ರಮ್ಮಿನ ಮುದುಕ ನಮ್ಮ ಜೀಪಿನ ಕಡೆ ನೋಡಿದ. "ನಿಮ್ಮ ಬ್ಯಾಂಡ್ ಎಲ್ಲಿ ಅಣ್ಣಾರೆ?"

ನಾನು ಹಳಿಯ ಆಚೆ ಕೈ ತೋರಿಸಿದೆ.

"ಮದುಮಗನ್ನ ಬಿಟ್ಟು ಹೋದ್ರಾ?" ಅವನಿಗೆ ನಗು ತಡೆಯಲಾಗಲಿಲ್ಲ. "ಬರ್ರೀ, ಒಂದೇ ದಾರಿ. ನಮ್ಮ ಹಿಂದೆ ಬಿಡ್ರೀ ಜೀಪು."

ಸಾರೋಟಿನ ಕಡೆಯ ಸೋದರಮಾವ ಒಬ್ಬರು, "ದುಡ್ಡು ಕೊಟ್ಟೋರು ನಾವು" ಅಂತ ಗೊಣಗಿದರು. ನಾನು ಐನೂರರ ನೋಟೊಂದನ್ನು ತೆಗೆದು ಡ್ರಮ್ಮಿನ ಹಗ್ಗಕ್ಕೆ ಸಿಕ್ಕಿಸಿದೆ. ಮಾವನಿಗೂ ಸಮಾಧಾನವಾಯಿತು, ಯಾಕೋ ಗೊತ್ತಿಲ್ಲ. ಹೀಗೆ ಇಬ್ಬರು ಮದುಮಕ್ಕಳು, ಒಂದು ಬ್ಯಾಂಡು.

ನಮ್ಮ ಕಲ್ಯಾಣ ಮಂಟಪದ ಮುಂದೆ ಆಗಿದ್ದೇ ಬೇರೆ. ಹದಿನೈದು ಜನ ಭರ್ಜರಿಯಾಗಿ ಬಂದಿಳಿದದ್ದು ನೋಡಿ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಹೊರಗೆ ಬಂದಿದ್ದರು. ಗದ್ದಲದಲ್ಲಿ ಯಾರೋ ತೆಂಗಿನಕಾಯಿ ನಿವಾಳಿಸಿ ಒಡೆದೂ ಬಿಟ್ಟಿದ್ದರು. ಆ ಕ್ಷಣಕ್ಕೆ ಎದುರಿಗಿದ್ದವನು ಬಾಯಿತುಂಡಿಲ್ಲದ ಯೂಫೋನಿಯಂ ಹುಡುಗ. ಅವನ ದೃಷ್ಟಿಯೆಲ್ಲ ಇಳಿದು ಹೋಯಿತು. ನಾವು ತಲುಪಿದಾಗ ಹೊಸ ಕಾಯಿ ತರಲು ಒಬ್ಬರು ಸ್ಕೂಟರ್ ಹತ್ತುತ್ತಿದ್ದರು.

ಮರುದಿನ ಬಾಕಿ ದುಡ್ಡಿಗೆ ಮಾಸ್ಟ್ರು ಬಂದರು. ಹೇಳಿದ್ದಕ್ಕಿಂತ ಜಾಸ್ತಿ ಕೇಳಿದರು.

"ಮಂಟಪದ ಮುಂದೆ ಅರ್ಧ ಗಂಟೆ ಎಕ್ಸ್‌ಟ್ರಾ ಊದೀವಿ ಸಾರ್. ಮದುಮಗ ಲೇಟು."

ದೊಡ್ಡಪ್ಪ ನನ್ನ ಮುಖ ನೋಡಿದರು. "ನೀನೇ ಕೊಟ್ಟು ಕಳಿಸು, ನಿಂಗೆ ಗೊತ್ತಲ್ಲ ಬ್ಯಾಂಡಿನ ವಿಷಯ" ಅಂದು ಒಳಗೆ ಹೋದರು.

ವಿಡಿಯೋದವನು ಬ್ಯಾಂಡಿನ ಜೊತೆಗೇ ಗೇಟು ದಾಟಿದ್ದನಲ್ಲ, ಕ್ಯಾಸೆಟ್ಟಿನಲ್ಲಿ ಮೆರವಣಿಗೆ ಪೂರ್ತಿ ಇದೆ. ಕೆಂಪು ಕೋಟು, ಲೈಟು, ಕುಣಿತ, ಒಡೆದ ಕಾಯಿ, ಎಲ್ಲ ಇದೆ. ಪ್ರತಿ ಸಲ ಹಾಕಿದಾಗಲೂ ಅತ್ತಿಗೆ ಕೇಳುತ್ತಾರೆ, "ಇದರಲ್ಲಿ ನೀವೆಲ್ರೀ?"

ಅಣ್ಣ ನನ್ನ ಕಡೆ ಬೆರಳು ತೋರಿಸುತ್ತಾನೆ.