ಮಾರೋಕೆ ಆಗುವ ಆನ್‌ಲೈನ್ ಬಿಸಿನೆಸ್ ಯಾವುದು?

‘50 ಸಾವಿರ ಫಾಲೋವರ್ಸ್ ಇರುವ ಪೇಜ್ ಮಾರಾಟಕ್ಕಿದೆ, ಆಸಕ್ತರು ಇನ್‌ಬಾಕ್ಸ್‌ಗೆ ಬನ್ನಿ’ ಎಂಬ ಪೋಸ್ಟುಗಳು ಕನ್ನಡದ ಗ್ರೂಪುಗಳಲ್ಲೂ ಈಗ ಧಾರಾಳ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ತಿಂಗಳಿಗೆ ಎಷ್ಟು ಬರುತ್ತೆ?’ ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆಯೇ ಇದೆ: ಇದೆಲ್ಲ ಯಾರ ಪ್ಯಾನ್ ಮೇಲಿದೆ, ನನ್ನ ಹೆಸರಿಗೆ ಬಂದ ಮಾರನೇ ದಿನವೂ ದುಡ್ಡು ಬರುತ್ತಾ? ಎಷ್ಟೋ ಬಿಸಿನೆಸ್ಸುಗಳು ಲಾಭದಲ್ಲಿದ್ದರೂ ಕೈ ಬದಲಾಯಿಸುವಂಥವಲ್ಲ. ಕೆಲವು ಕಡಿಮೆ ದುಡಿದರೂ ಸಲೀಸಾಗಿ ಇನ್ನೊಬ್ಬರ ಹೆಸರಿಗೆ ಹೋಗುತ್ತವೆ. ಬೆಲೆ ಕಟ್ಟುವಾಗ ನಾನು ಮೊದಲು ನೋಡುವುದು ಇದನ್ನೇ.

ಬರಹದ ಸೈಟುಗಳಿಂದ ಶುರು ಮಾಡೋಣ. ಸರ್ಕಾರಿ ಯೋಜನೆ, ಉದ್ಯೋಗ ಮಾಹಿತಿ, ಅಡುಗೆ, ಕೃಷಿ ಮುಂತಾದ ವಿಷಯ ಬರೆದು ಜಾಹೀರಾತಿನಿಂದ ದುಡಿಯುವ ಮಾದರಿ ಇದು. ಹಸ್ತಾಂತರ ಸುಲಭ. ಡೊಮೈನನ್ನು, ಅಂದರೆ ಸೈಟಿನ ವಿಳಾಸವನ್ನು, ಅದೇ ರಿಜಿಸ್ಟ್ರಾರ್ (ಆ ಹೆಸರು ನೋಂದಾಯಿಸಿಕೊಟ್ಟ ಕಂಪನಿ) ಒಳಗೇ ಕೊಳ್ಳುವವರ ಖಾತೆಗೆ ತಳ್ಳಿಬಿಡಬಹುದು. ಬೇರೆ ರಿಜಿಸ್ಟ್ರಾರ್‌ಗೆ ಒಯ್ದರೆ ಡಾಟ್ ಕಾಮ್ ಹೆಸರು ಸಾಮಾನ್ಯವಾಗಿ 60 ದಿನ ಮತ್ತೆ ಕದಲುವುದಿಲ್ಲ, ಹಾಗಾಗಿ ಆ ಕೆಲಸ ನಿಧಾನಕ್ಕೆ ಮಾಡಿದರಾಯಿತು. ಆದರೆ ಗೂಗಲ್ ಜಾಹೀರಾತಿನ ದುಡ್ಡು ಬರುವ ಆ್ಯಡ್‌ಸೆನ್ಸ್ ಖಾತೆ ಸೈಟಿನ ಜೊತೆ ಬರುವುದಿಲ್ಲ, ಅದು ವ್ಯಕ್ತಿಯದು. ಕೊಳ್ಳುವವರು ತಮ್ಮ ಖಾತೆಗೆ ಈ ಸೈಟ್ ಸೇರಿಸಿ ಒಪ್ಪಿಗೆ ಪಡೆಯಬೇಕು, ಸೈಟಿನ ಜಾಹೀರಾತು ಜಾಗವನ್ನು ಯಾರು ಮಾರಬಹುದೆಂದು ಹೇಳುವ ‘ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ’ ಫೈಲಿನಲ್ಲಿ ಪಬ್ಲಿಷರ್ ನಂಬರ್ ಬದಲಿಸಬೇಕು. ಇದನ್ನು ಪೂರ್ತಿ ಹಣ ಕೊಡುವ ಮೊದಲೇ, ಮಾರುವವರ ಸಹಕಾರದಲ್ಲೇ ಮುಗಿಸಿಕೊಳ್ಳಿ. ಆಮೇಲೆ ಅರ್ಜಿ ತಿರಸ್ಕೃತವಾದರೆ ಸೈಟ್ ಇರುತ್ತದೆ, ಆದಾಯ ಇರುವುದಿಲ್ಲ.

ಸ್ಕ್ರೀನ್‌ಶಾಟ್ ನಂಬಬೇಡಿ. ಗೂಗಲ್ ಹುಡುಕಾಟದಿಂದ ಎಷ್ಟು ಜನ ಬರುತ್ತಾರೆಂದು ತೋರಿಸುವ ಸರ್ಚ್ ಕನ್ಸೋಲ್‌ಗೆ ನೋಡುವ ಅನುಮತಿ ಕೇಳಿ, ಅದರಲ್ಲಿ 16 ತಿಂಗಳ ಅಂಕಿಅಂಶ ಸಿಗುತ್ತದೆ. ಹೊರದೇಶದ ಮಾರುಕಟ್ಟೆಗಳಲ್ಲಿ ಒಂದು ಕಾಲಕ್ಕೆ ಇಂಥ ಸೈಟುಗಳು ತಿಂಗಳ ಲಾಭದ 30ರಿಂದ 40 ಪಟ್ಟು ಬೆಲೆಗೆ ಹೋಗುತ್ತಿದ್ದವು. 2023ರ ಸೆಪ್ಟೆಂಬರ್ ಮತ್ತು 2024ರ ಮಾರ್ಚ್‌ನ ಗೂಗಲ್ ಅಪ್‌ಡೇಟ್‌ಗಳಲ್ಲಿ ಎಷ್ಟೋ ಸೈಟುಗಳ ಟ್ರಾಫಿಕ್ ನೆಲಕಚ್ಚಿತು. ಪೂರ್ತಿ ಗೂಗಲ್ ಹುಡುಕಾಟದ ಮೇಲೆ ನಿಂತ ಸೈಟಿಗೆ ಇವತ್ತು ಒಂದು ವರ್ಷದ ಲಾಭಕ್ಕಿಂತ ಹೆಚ್ಚು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಬಿಟ್ಟೇಬಿಡುತ್ತಾರೆ. ಆ ಲೇಖನಗಳು ಯಾರ ಆಸ್ತಿ? ಸಂಬಳದ ನೌಕರ ಬರೆದಿದ್ದರೆ ಸಾಮಾನ್ಯವಾಗಿ ಮಾಲೀಕರದು. ಲೇಖನಕ್ಕಿಷ್ಟು ಎಂದು ಹೊರಗಿನವರಿಂದ ಬರೆಸಿದ್ದರೆ, ಲಿಖಿತ ಒಪ್ಪಂದ ಇಲ್ಲದಿದ್ದಾಗ ಹಕ್ಕು ಬರೆದವರಲ್ಲೇ ಉಳಿಯುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ‘ಎಲ್ಲ ಹಕ್ಕುಗಳನ್ನೂ ಕೊಟ್ಟಿದ್ದೇನೆ’ ಎಂಬ ಒಂದು ಸಾಲಿನ ಕಾಗದ ಸಾಲದು.

ಯೂಟ್ಯೂಬ್ ಚಾನೆಲ್ ಬ್ರಾಂಡ್ ಅಕೌಂಟಿನಲ್ಲಿದ್ದರೆ (ಒಬ್ಬರಿಗಿಂತ ಹೆಚ್ಚು ಜನ ನೋಡಿಕೊಳ್ಳಬಹುದಾದ ಗೂಗಲ್ ಖಾತೆ) ಕೈ ಬದಲಾಗುತ್ತದೆ: ಕೊಳ್ಳುವವರನ್ನು ಓನರ್ ಆಗಿ ಸೇರಿಸಿ, 7 ದಿನ ಕಾದು, ಪ್ರೈಮರಿ ಓನರ್ ಮಾಡಬೇಕು. ತಾಂತ್ರಿಕವಾಗಿ ಇಷ್ಟೇ. ಆದರೆ ಜನ ನೋಡಲು ಬರುವುದು ಆ ಅಮ್ಮನ ಕೈರುಚಿಯನ್ನು, ಆ ಮೇಷ್ಟ್ರ ಪಾಠವನ್ನು. ಮುಖ ಬದಲಾದ ಚಾನೆಲ್‌ಗೆ ಹಳೇ ವೀಕ್ಷಕರು ನಿಲ್ಲುವುದಿಲ್ಲ. ಮುಖವಿಲ್ಲದ ಚಾನೆಲ್‌ಗಳು, ಅಂದರೆ ಕೈ ಮಾತ್ರ ಕಾಣುವ ಕರಕುಶಲ ಅಥವಾ ಯಂತ್ರ ರಿಪೇರಿಯಂಥವು, ಮಾರಾಟಕ್ಕೆ ವಾಸಿ. ಇನ್‌ಸ್ಟಾಗ್ರಾಂ ಖಾತೆ ಮಾರುವುದನ್ನು ಅದರ ನಿಯಮವೇ ಒಪ್ಪುವುದಿಲ್ಲ. ಯಾವತ್ತು ಮುಚ್ಚಿದರೂ ಕೇಳುವಂತಿಲ್ಲ. ವಾಟ್ಸ್‌ಆ್ಯಪ್ ಗ್ರಾಹಕರ ನಂಬರ್ ಪಟ್ಟಿ ಮಾರುತ್ತೇವೆ ಎನ್ನುವವರಿಂದ ದೂರ ಇರಿ. ಒಪ್ಪಿಗೆ ಇಲ್ಲದ ನಂಬರುಗಳ ಪಟ್ಟಿ ಬಿಸಿನೆಸ್ ಅಲ್ಲ, ತಲೆನೋವು.

ಈಗ ಮಾಲು ಮಾರುವ ಅಂಗಡಿಗಳು. ಇಲ್ಲಿ ಸುಳ್ಳು ಇರುವುದು ಲೆಕ್ಕದಲ್ಲಿ. ಖಾರದಪುಡಿ ಮಾರುವ ಸೈಟ್ ಎಂದುಕೊಳ್ಳಿ. ತಿಂಗಳಿಗೆ 800 ಆರ್ಡರ್, ಸರಾಸರಿ ₹500, ಒಟ್ಟು ₹4,00,000. ಸರಕು-ಪ್ಯಾಕಿಂಗ್ ಆರ್ಡರಿಗೆ ₹220ರಂತೆ ₹1,76,000, ಕೊರಿಯರ್ ₹70ರಂತೆ ₹56,000, ಜಾಹೀರಾತು ₹60,000 ಕಳೆದು ‘₹1,08,000 ಲಾಭ’ ಎಂದು ಮಾರುವವರು ತೋರಿಸುತ್ತಾರೆ.

ಅದೇ ಲೆಕ್ಕ ಮತ್ತೆ ಹಾಕಿ. 800ರಲ್ಲಿ 480 ಕ್ಯಾಶ್ ಆನ್ ಡೆಲಿವರಿ, ಅದರಲ್ಲಿ ಐದಕ್ಕೊಂದು ವಾಪಸ್ ಎಂದರೆ 96 ಪಾರ್ಸೆಲ್. ಕೈಗೆ ಬರುವುದು 704 ಆರ್ಡರಿನ ₹3,52,000. ಅದರೊಳಗೆ 5% ಜಿಎಸ್‌ಟಿ ಸುಮಾರು ₹16,800 ನಿಮ್ಮದಲ್ಲ. ವಾಪಸ್ ಬಂದ ಮಾಲು ಹಾಳಾಗಲಿಲ್ಲ ಎಂದೇ ಇಟ್ಟುಕೊಂಡು ಸರಕಿಗೆ ₹1,54,900, ಹೋಗುವ ಕೊರಿಯರ್ ₹56,000, ಮರಳುವುದಕ್ಕೆ ₹50ರಂತೆ ₹4,800, ಜಾಹೀರಾತು ₹60,000, ಗೇಟ್‌ವೇ (ಆನ್‌ಲೈನ್ ಪಾವತಿ ಸೇವೆ) ಮತ್ತು ಕ್ಯಾಶ್ ವಸೂಲಿ ಶುಲ್ಕ ₹10,000. ಉಳಿಯುವುದು ₹49,500. ಮನೆಯವರೇ ಕೂತು ಪ್ಯಾಕ್ ಮಾಡುತ್ತಿದ್ದ ಕೆಲಸಕ್ಕೆ ನೀವು ಆಳು ಇಟ್ಟರೆ ₹15,000. ಕೊನೆಗೆ ₹34,500. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಹೊಂದಾಣಿಕೆ) ಸೇರಿಸದ ಒರಟು ಲೆಕ್ಕ ಇದು, ಆದರೂ ಮಾರುವವರು ಹೇಳಿದ್ದರ ಮೂರನೇ ಒಂದು ಪಾಲೂ ಇಲ್ಲ. ಹಾಗಾಗಿ ಆರ್ಡರ್ ಪಟ್ಟಿ ಬೇಡ, ಕೊರಿಯರ್ ಕಂಪನಿಯ ರಿಟರ್ನ್ ವರದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಜಿಎಸ್‌ಟಿ ರಿಟರ್ನ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ತಾಳೆಯಾಗದಿದ್ದರೆ ಅಲ್ಲಿಗೆ ಮಾತು ಮುಗಿಸಿ.

ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಹೊಸ ಮಾಲೀಕರ ಹೆಸರಲ್ಲಿ ಬೇಕು. 14 ಅಂಕಿಯ ಆ ನಂಬರ್ ಕವರ್ ಮೇಲೆ ಅಚ್ಚಾಗಿರುತ್ತದೆ. ‘ಹತ್ತು ಸಾವಿರ ಕವರ್ ಸ್ಟಾಕ್ ಇದೆ, ಅದಕ್ಕೂ ದುಡ್ಡು ಕೊಡಿ’ ಎಂದರೆ ಕೊಡಬೇಡಿ. ಬ್ರಾಂಡ್ ಹೆಸರು ನೋಂದಣಿ ಆಗಿದ್ದರೆ ವರ್ಗಾವಣೆ ಪತ್ರದ ಜೊತೆ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಟಿಎಂ-ಪಿ ಅರ್ಜಿ ಹಾಕಬೇಕು.

ತಿಂಗಳ ಚಂದಾ ಮಾದರಿ, ಅಂದರೆ ಸಾಫ್ಟ್‌ವೇರ್ ಅಥವಾ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದಿಸುವ ಆ್ಯಪ್, ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ನಮ್ಮಲ್ಲಿ ಅದಕ್ಕೊಂದು ಬಲೆ ಇದೆ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಉಳಿದಿರುವುದು ಟೋಕನ್ (ಕಾರ್ಡ್ ನಂಬರಿನ ಬದಲು ಬಳಸುವ ಸಂಕೇತ), ಅದು ಆ ವ್ಯಾಪಾರಿಗೆ ಮಾತ್ರ ಅಂಟಿಕೊಂಡದ್ದು. ಯುಪಿಐ ಆಟೋಪೇ ಅನುಮತಿಯೂ ಹಾಗೇ. ಮಾಲೀಕರ ಹೆಸರಿನ ಗೇಟ್‌ವೇ ಖಾತೆ ಬದಲಾದರೆ ಚಂದಾದಾರರೆಲ್ಲ ಮತ್ತೆ ಒಪ್ಪಿಗೆ ಕೊಡಬೇಕು, ಒಂದಷ್ಟು ಜನ ಅಲ್ಲೇ ಜಾರುತ್ತಾರೆ. ಪ್ಲೇ ಸ್ಟೋರ್ ಮೂಲಕವೇ ಚಂದಾ ತೆಗೆದುಕೊಳ್ಳುವ ಆ್ಯಪ್‌ಗೆ ಈ ಕಷ್ಟ ಇಲ್ಲ. ಆ್ಯಪ್ ಇನ್ನೊಂದು ಡೆವಲಪರ್ ಖಾತೆಗೆ ಹೋದಾಗ ಬಳಕೆದಾರರು, ರಿವ್ಯೂ, ನಡೆಯುತ್ತಿರುವ ಚಂದಾ ಜೊತೆಯಲ್ಲೇ ಹೋಗುತ್ತವೆ. ಆ್ಯಪ್‌ನ ಹಿನ್ನೆಲೆ ಕೆಲಸಕ್ಕೆ ಬಳಸುವ ಗೂಗಲ್ ಸೇವೆ ಫೈರ್‌ಬೇಸನ್ನು ಪ್ರತ್ಯೇಕವಾಗಿ ವರ್ಗಾಯಿಸಬೇಕು. ಆ್ಯಪ್ ಜಾಹೀರಾತಿನ ದುಡ್ಡು ಬರುವ ಆ್ಯಡ್‌ಮಾಬ್ ಖಾತೆ ಬರುವುದಿಲ್ಲ, ಹೊಸ ಐಡಿ ಹಾಕಿ ಅಪ್‌ಡೇಟ್ ಬಿಡಬೇಕು. ಅಲ್ಲಿಯವರೆಗಿನ ಜಾಹೀರಾತಿನ ದುಡ್ಡು ಹಳೇ ಮಾಲೀಕರ ಜೇಬಿಗೇ!

ವೆಬ್‌ಸೈಟ್ ಮಾಡಿಕೊಡುವ, ಸೋಶಿಯಲ್ ಮೀಡಿಯಾ ನೋಡಿಕೊಳ್ಳುವ ಏಜೆನ್ಸಿಗಳಿಗೆ ದೊಡ್ಡ ಬೆಲೆ ಬರುವುದಿಲ್ಲ. ಗಿರಾಕಿಗಳು ಆ ಮನುಷ್ಯನ ಗಿರಾಕಿಗಳು.

ಹಾಗಾದರೆ ಮುಂದೆ ಮಾರುವ ಯೋಚನೆ ಇರುವವರು ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳಬೇಕಾ? ಚಂದಾ ಮಾದರಿಯಾದರೆ ಹೌದು ಎಂದೇ ನನ್ನ ಉತ್ತರ. ಷೇರು ಮಾರಿದರೆ ಕಂಪನಿ ಅದೇ, ಪ್ಯಾನ್, ಜಿಎಸ್‌ಟಿ ನಂಬರ್ ಎಲ್ಲ ಅವೇ; ಗೇಟ್‌ವೇಗೆ ಹೊಸ ಡೈರೆಕ್ಟರ್‌ಗಳ ದಾಖಲೆ ಕೊಟ್ಟರಾಯಿತು. ಆದರೆ ಹಳೇ ಸಾಲ, ತೆರಿಗೆ ಬಾಕಿ ಕೂಡ ಕೊಂಡವರ ಪಾಲಿಗೆ ಬರುತ್ತದೆ. ಸ್ವಂತ ಹೆಸರಿನ ಮಾಲೀಕತ್ವದಲ್ಲಿ ಜಿಎಸ್‌ಟಿ ನಂಬರ್ ಕೈ ಬದಲಾಗುವುದಿಲ್ಲ. ಓಡುತ್ತಿರುವ ಬಿಸಿನೆಸ್ಸನ್ನು ಇಡಿಯಾಗಿ ಕೊಟ್ಟರೆ ಆ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಉಂಟು, ಉಳಿದ ಕ್ರೆಡಿಟ್ಟನ್ನು ಐಟಿಸಿ-02 ಫಾರಂನಲ್ಲಿ, ಸಿಎ ಪ್ರಮಾಣಪತ್ರದೊಂದಿಗೆ ದಾಟಿಸಬಹುದು. ಡೊಮೈನಿಗಿಷ್ಟು, ಬ್ರಾಂಡಿಗಿಷ್ಟು ಎಂದು ಬಿಡಿಬಿಡಿಯಾಗಿ ಬಿಲ್ ಮಾಡಿದರೆ ಆ ವಿನಾಯಿತಿ ಕೈತಪ್ಪುತ್ತದೆ.

ಹಣ ಎಸ್ಕ್ರೋದಲ್ಲಿರಲಿ (ಹಸ್ತಾಂತರ ಮುಗಿಯುವವರೆಗೆ ಮೂರನೆಯವರ ಬಳಿ), 15-20% ಭಾಗ 90 ದಿನಕ್ಕೆ ತಡೆದಿಡಿ. ಆಮೇಲೆ ಅದೇ ಮಾರಿದವರು ಪಕ್ಕದಲ್ಲೇ ಇನ್ನೊಂದು ಸೈಟ್ ತೆರೆದರೆ? 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಕಲಂ ವ್ಯಾಪಾರ ತಡೆಯುವ ಕರಾರುಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಗುಡ್‌ವಿಲ್ (ಬಿಸಿನೆಸ್ಸಿನ ಹೆಸರು, ಗಿರಾಕಿಗಳ ನಂಬಿಕೆ) ಮಾರಿದವರಿಗೆ ಮಾತ್ರ ಅದರಲ್ಲೇ ಅಪವಾದ ಇಟ್ಟಿದೆ, ಅದೂ ನ್ಯಾಯವೆನಿಸುವ ಪ್ರದೇಶದ ಮಿತಿಯೊಳಗೆ. ಅದಕ್ಕೇ ಒಪ್ಪಂದದಲ್ಲಿ ಡೊಮೈನ್, ಕೋಡ್, ಸ್ಟಾಕ್ ಜೊತೆಗೆ ‘ಗುಡ್‌ವಿಲ್ ಸಹಿತ’ ಎಂದು ಬರೆಸಿ, ಯಾವ ಮಾಲು, ಯಾವ ಪ್ರದೇಶ, ಎಷ್ಟು ವರ್ಷ ಎಂಬುದನ್ನೂ ಅಲ್ಲೇ ನಮೂದಿಸಿ.