ರ ಗ ಸ ದ ಅ

ನಮ್ಮ ಅಡುಗೆಮನೆ ಕಿಟಕಿಗೂ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಕಾಂಪೌಂಡಿಗೂ ನಡುವೆ ಇರುವುದು ಒಂದು ನುಗ್ಗೆಮರ, ಅದೂ ಬಡಕಲು. ಹಾಗಾಗಿ ಶಾಲೆ ನಡೆಯುವ ದಿನಗಳಲ್ಲಿ ನನಗೆ ಗಡಿಯಾರ ಬೇಡ. ನೇತುಹಾಕಿದ ರೈಲುಕಂಬಿಯ ತುಂಡಿಗೆ ಬೋಲ್ಟಿನಿಂದ ಬಾರಿಸಿದರೆ ಗಂಟೆಯಾಯಿತು. ಆಮೇಲೆ ಸಾವಧಾನ್, ವಿಶ್ರಾಮ್. ಆಮೇಲೆ ನಾಡಗೀತೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶ ಮಾಡಿತಲ್ಲ, ಆ ಆದೇಶಕ್ಕೆ ರುಜು ಹಾಕಿದವರು ಒಮ್ಮೆ ನಮ್ಮ ಅಡುಗೆಮನೆಗೆ ಬಂದು ಕಾಫಿ ಕುಡಿಯಬೇಕು. ಒಂದನೇ ತರಗತಿಯವರು ಪಲ್ಲವಿಯಲ್ಲಿರುವಾಗ ನಾಲ್ಕನೆಯವರು ಮುಂದಿನ ಚರಣಕ್ಕೆ ಹೋಗಿ, ಅಲ್ಲಿ ನಿಂತು, ಹಿಂದೆ ಉಳಿದವರಿಗಾಗಿ ರಾಗ ಎಳೆಯುತ್ತಿರುತ್ತಾರೆ. ಮುಂದೆ ಪಂಚಾಂಗ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ. ನಮ್ಮ ಮನೆಯಲ್ಲಿ ಏಕಾದಶಿ ಯಾವತ್ತು ಅನ್ನುವುದು ತೀರ್ಮಾನವಾಗುವುದು ಮಠದ ಪಂಚಾಂಗದಿಂದಲ್ಲ, ಐದನೇ ತರಗತಿ ಹುಡುಗಿಯೊಬ್ಬಳ ಗಂಟಲಿನಿಂದ. ಕೊನೆಗೆ ಹಾಲು. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ಸ್ಟೀಲು ಲೋಟಗಳ ಸದ್ದೂ ಸೇರಿಕೊಂಡಿದೆ.

ಇದೆಲ್ಲ ನನಗೆ ಒಗ್ಗಿಹೋಗಿದೆ. ಒಗ್ಗದವರು ನಮ್ಮ ಮಹಡಿಯ ಮೇಲಿನವರು. ‘ಅಂಕಲ್, ಈ ಶಬ್ದಮಾಲಿನ್ಯದ ಬಗ್ಗೆ ಯಾರಿಗಾದರೂ ಒಂದು ಅರ್ಜಿ ಕೊಡೋಣ’ ಎಂದು ಆಗಾಗ ಕೇಳುತ್ತಾರೆ. ಅವರ ಮಗನನ್ನು ಒಯ್ಯುವ ಹಳದಿ ಬಸ್ಸು ಬೆಳಗಾಗುವ ಮೊದಲೇ ನಮ್ಮ ಗೇಟಿನೆದುರು ಹಾರನ್ ಬಾರಿಸಿ ನಾಯಿಗಳನ್ನೆಲ್ಲ ಎಬ್ಬಿಸುವುದು ಅವರ ಪ್ರಕಾರ ಶಿಕ್ಷಣ. ನವೆಂಬರ್ 1ರಂದು ಕೆಂಪು ಹಳದಿ ಶಾಲು ಹೊದ್ದು ಗೇಟಿನ ಹತ್ತಿರ ಭಾಷಣ ಮಾಡುವವರೂ ಅವರೇ. ಇರಲಿ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಒಂದನೇ ತರಗತಿಯ ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು: ‘ರ... ಗ... ಸ... ದ... ಅ...’ ನಾನು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಿದೆ. ಮತ್ತೆ ಅದೇ. ರ ಗ ಸ ದ ಅ. ‘ಅ’ ಐದನೆಯದು! 49 ಅಕ್ಷರಗಳ ಹಿರೀಕನನ್ನು, ಮದುವೆಮನೆಯಲ್ಲಿ ಸೋದರಮಾವನನ್ನು ಐದನೇ ಪಂಕ್ತಿಗೆ ತಳ್ಳಿದ ಹಾಗೆ ತಳ್ಳಿದ್ದಾರೆ. ಅಕ್ಷರಕ್ರಮ ಯಾಕೆ ಕೆಡಬಾರದು ಎನ್ನುವುದಕ್ಕೆ ನನ್ನ ಹತ್ತಿರ ಬಲವಾದ ಕಾರಣವೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಲೆಗೆ ಹೋದದ್ದನ್ನು ಹೇಳಬೇಕು.

ಒಂದು, ಎರಡು, ಮೂರನೇ ತರಗತಿಗಳು ಒಂದೇ ಕೋಣೆಯಲ್ಲಿ ಕೂತಿದ್ದವು. ಕಪ್ಪುಹಲಗೆ ನನ್ನ ಮೊಣಕಾಲಿನ ಮಟ್ಟದಲ್ಲಿ, ಗೋಡೆಯುದ್ದಕ್ಕೂ. ತಲೆಯ ಮೇಲೆ ದಾರ ಕಟ್ಟಿ, ಮಕ್ಕಳು ಬಿಡಿಸಿದ ಮಾವಿನಹಣ್ಣು, ಬಸ್ಸು, ಏನೆಂದು ಹೇಳಲಾಗದ ಪ್ರಾಣಿಗಳನ್ನೆಲ್ಲ ತೂಗುಹಾಕಿದ್ದರು. ಅದಕ್ಕೆ ಚಪ್ಪರ ಎನ್ನುತ್ತಾರಂತೆ. ಒಂದು ಬಸ್ಸು ನನ್ನ ಕನ್ನಡಕಕ್ಕೆ ತಗುಲಿಕೊಂಡಿತು. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಗುಂಪುಗುಂಪಾಗಿ ಮಕ್ಕಳು, ಪ್ರತಿ ಗುಂಪಿಗೂ ಒಂದು ತಟ್ಟೆ. ‘ಈ ತಾತ ಯಾವ ತಟ್ಟೆ, ಟೀಚರ್?’ ಎಂದು ಮುಂದಿನ ಹಲ್ಲು ಬಿದ್ದ ಒಬ್ಬ ಕೇಳಿದ. ಟೀಚರ್ ನನ್ನನ್ನು ಒಮ್ಮೆ ನೋಡಿ ‘ಒಂದನೇ ತಟ್ಟೆ ಕಣೋ’ ಎಂದರು. ಒಂದನೇ ತಟ್ಟೆ ಎಂದರೆ ಸಂಪೂರ್ಣವಾಗಿ ಶಿಕ್ಷಕರ ಸಹಾಯ ಬೇಕಾದವರದು ಎಂದು ಗೋಡೆಯ ಮೇಲೆ ಬರೆದಿತ್ತು.

ಇದು ನಲಿ-ಕಲಿ ಎಂಬ ಕಲಿಸುವ ಪದ್ಧತಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರುಮಾಡಿದ್ದು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಟೀಚರ್ ಇದನ್ನು ನನಗೆ ಬೇಗಬೇಗ ಹೇಳಿದರು, ಹಿಂದೆ ಯಾರೋ ಯಾರದೋ ಪೆನ್ಸಿಲ್ ಕಚ್ಚುತ್ತಿದ್ದರು. ‘ಈ ಐದೂ ಬರೆಯೋಕೆ ಸುಲಭ, ಸಾರ್. ಕಾಗುಣಿತ ಬರದಿದ್ದರೂ ವಾರದಲ್ಲಿ ಪದ ಓದ್ತಾರೆ. ಸರ, ಗರಗಸ, ಅಗಸ, ಅರಸ, ದಸರ. ನೀವು ಅ ಆ ಇ ಈ ಉ ಊ ಕಲಿತು ಏನು ಓದಿದ್ರಿ? ಹಲ್ಲುನೋವು ಬಂದವರು ನರಳೋದನ್ನ ಮಾತ್ರ ಬರೆಯಬಹುದು.’ ‘ಆ’, ‘ಈ’, ‘ಓ’ ಮೂರೂ ಪದಗಳೇ ತಾಯಿ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪೆನ್ಸಿಲ್ ಕಚ್ಚಿದವನು ಅಳತೊಡಗಿದ, ಅವರು ಅತ್ತ ಹೋದರು.

ಸಂಜೆ ಪಾರ್ಕಿನ ಬೆಂಚಿನಲ್ಲಿ ನನ್ನ ಗೆಳೆಯರಿಬ್ಬರಿಗೆ ಹೇಳಿದೆ. ಒಬ್ಬರು ಗದಗದ ಕಡೆಯ ಪೋಸ್ಟ್ ಮಾಸ್ಟರ್, ಇನ್ನೊಬ್ಬರು ಮೈಸೂರಿನ ಸಬ್‌ರಿಜಿಸ್ಟ್ರಾರ್, ಇಬ್ಬರೂ ನಿವೃತ್ತರು. ನನ್ನ ಜೊತೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದರೆ, ಪೋಸ್ಟ್ ಮಾಸ್ಟರು ‘ಐದs ಅಕ್ಷರದಾಗ ಎಷ್ಟು ಪದ ಆಗ್ತಾವ?’ ಎಂದರು. ಅಲ್ಲಿಗೆ ನನ್ನ ವಿಷಯ ಹಾಳಾಯಿತು.

ರಸ, ದರ, ಸರಸ, ಅದರ ಇವೆಲ್ಲ ಮೊದಲ ಸುತ್ತಿನಲ್ಲೇ ಮುಗಿದವು. ಪೋಸ್ಟ್ ಮಾಸ್ಟರು ಎದೆಯುಬ್ಬಿಸಿ ‘ಗದಗ’ ಎಂದರು. ಊರಿನ ಹೆಸರು ಲೆಕ್ಕಕ್ಕಿಲ್ಲ ಎಂದರು ಸಬ್‌ರಿಜಿಸ್ಟ್ರಾರರು. ಕುಮಾರವ್ಯಾಸ ಕೂತು ಬರೆದ ಊರು, 1997ರಲ್ಲಿ ಜಿಲ್ಲೆಯಾದ ಊರು, ಲೆಕ್ಕಕ್ಕೆ ಇಲ್ಲವೇ? ಇಲ್ಲ, ಊರು ಸೇರಿಸಿದರೆ ಬೆಂಗಳೂರಿನ ಅಗರವನ್ನೂ ಸೇರಿಸಬೇಕಾಗುತ್ತದೆ. ಸಗರನಾಡಿನ ಸಗರ? ಸಗರ ಊರೂ ಹೌದು, ಪುರಾಣದ ರಾಜನೂ ಹೌದು, ಆದ್ದರಿಂದ ಅರ್ಧ ಅಂಕ. ಅಂಕ ಎಲ್ಲಿಂದ ಬಂತೋ ತಿಳಿಯದು. ಸಬ್‌ರಿಜಿಸ್ಟ್ರಾರರು ಆಗಲೇ ಔಷಧಿ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದರು.

ಮರುದಿನ ಪೋಸ್ಟ್ ಮಾಸ್ಟರು ‘ದಗದ’ ತಂದರು. ಹಾಗಂದರೇನು ಎಂದು ಸಬ್‌ರಿಜಿಸ್ಟ್ರಾರರು ಕೇಳಿದ್ದೇ ತಪ್ಪಾಯಿತು. ‘ದಗದ ಗೊತ್ತಿಲ್ಲೇನ್ರೀ? ಕೆಲಸ! ನೀವು ಮೈಸೂರು ಕಡೆಯವ್ರು ದಗದ ಮಾಡಿದ್ರ ತಾನs ಗೊತ್ತಾಗೋದು!’ ಅಂದು ವಾಕಿಂಗ್ ನಡೆಯಲಿಲ್ಲ. ನಿಘಂಟು ನೋಡಿ ತೀರ್ಮಾನಿಸೋಣ ಎಂದು ನಾನೇ ನಡುವೆ ಬಿದ್ದೆ. ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ, ನನ್ನ ಹತ್ತಿರ ಇರುವುದು ಮೂರು, ಅದರಲ್ಲಿ ‘ದ’ ಇಲ್ಲ. ಪೋಸ್ಟ್ ಮಾಸ್ಟರ ಮೊಮ್ಮಗ ಫೋನಿನಲ್ಲಿ ಹುಡುಕಿದ. ‘ಧಗಧಗ’ ಎಂದು ಹೇಳುತ್ತಿದ್ದೀರಾ ಎಂದು ಫೋನು ಮರುಪ್ರಶ್ನೆ ಹಾಕಿತು. ಒಂದು ಲಕ್ಷ ಪುಸ್ತಕ ನುಂಗಿದೆ ಎಂದು ಹೇಳಿಕೊಳ್ಳುವ ಯಂತ್ರಕ್ಕೆ ಗದಗದ ಹೊಲದಲ್ಲಿ ದಿನಾ ಆಡುವ ಮಾತು ಗೊತ್ತಿಲ್ಲ.

ಸಬ್‌ರಿಜಿಸ್ಟ್ರಾರರ ಸಂಕಟ ಬೇರೆ. ಸರ್ವಿಸ್ಸಿನುದ್ದಕ್ಕೂ ‘ಸದರಿ ಸ್ವತ್ತಿನ ಚೆಕ್ಕುಬಂದಿ’ ಎಂದೇ ಬರೆದವರು, ಅದನ್ನು ಇಲ್ಲಿ ಬಳಸುವಂತಿಲ್ಲ. ‘ರಿ’ಗೆ ಗುಡಿಸು ಬಂತಲ್ಲ, ಗುಡಿಸನ್ನು ಒಂದನೇ ತಟ್ಟೆಯವರು ಇನ್ನೂ ಕಲಿತಿಲ್ಲ. ಗುಡಿಸು ಕಿತ್ತು ‘ಸದರ’ ಎಂದರು. ಪೋಸ್ಟ್ ಮಾಸ್ಟರು ‘ಸದರ ಕೊಟ್ರ ತಲೀ ಮ್ಯಾಲೆ ಕೂಡ್ತಾರ’ ಎಂದು ಒಪ್ಪಿದರು, ಆದರೆ ಯಾರ ಮುಖ ನೋಡಿ ಹೇಳಿದರು ಎಂಬುದು ಎಲ್ಲರಿಗೂ ತಿಳಿಯಿತು. ಗರಗರ, ಸರಸರ, ದರದರ ಜೋಡಿಗಳನ್ನು ಒಂದು ಪದವೆಂದು ಎಣಿಸಬೇಕೋ ಎರಡೆಂದೋ ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ‘ದಸರ’ಕ್ಕೂ ತಕರಾರು ಬಂತು, ದೀರ್ಘವಿಲ್ಲದ ದಸರಾ ದಸರಾವೇ ಅಲ್ಲ ಎಂದು. ಮೈಸೂರಿನವರಿಗೆ ಆ ವಿಷಯದಲ್ಲಿ ಎದುರಾಡುವಂತಿಲ್ಲ.

ನನ್ನ ಪಾಲಿನ ಗೆಲುವು ‘ಅಸಗ’. ಒಂಬತ್ತನೇ ಶತಮಾನದ ಕವಿ. ಕನ್ನಡದಲ್ಲಿ ತಾನು ಅಸಗನಿಗೆ ನೂರ್ಮಡಿ ಎಂದು ಪೊನ್ನ ಜಂಬ ಕೊಚ್ಚಿಕೊಳ್ಳಬೇಕಾದರೆ ಈತ ಸಾಮಾನ್ಯನಾಗಿರಲಿಲ್ಲ. ಸಂಸ್ಕೃತದಲ್ಲಿ ಬರೆದದ್ದು ಉಳಿದಿದೆ, ಕನ್ನಡದಲ್ಲಿ ಬರೆದ ಕಾವ್ಯ ಹೋಯಿತು. ಅಂಥವನ ಹೆಸರನ್ನು ಒಂದನೇ ತರಗತಿಯ ಮಗು ಶಾಲೆಗೆ ಸೇರಿದ ತಿಂಗಳೊಳಗೆ ತಪ್ಪಿಲ್ಲದೆ ಬರೆಯಬಲ್ಲದು. ನಾನು ಇದನ್ನು ಭಾವುಕನಾಗಿಯೇ ಹೇಳಿದೆ. ವ್ಯಕ್ತಿಯ ಹೆಸರು ಲೆಕ್ಕಕ್ಕಿಲ್ಲ ಎಂದರು ಸಬ್‌ರಿಜಿಸ್ಟ್ರಾರರು. ಅದಕ್ಕೆ ಅಗಸ ಎಂಬ ಅರ್ಥವೂ ಇದೆಯೆಂದು ವಾದಿಸಿದೆ. ಅಗಸ ಆಗಲೇ ಬಂದಿದೆ, ಒಂದೇ ಅರ್ಥಕ್ಕೆ ಎರಡು ನೋಂದಣಿ ಆಗುವುದಿಲ್ಲವಂತೆ. ಇಂಥವರ ಕಚೇರಿಯಲ್ಲಿ ಜನ ಹೇಗೆ ಮನೆ ಮಾರಿ ಕೊಂಡರೋ!

ಅಕ್ಷರಕ್ರಮದ ವಿಷಯ. ನಾವು ಒಂದನೇ ತರಗತಿಯಲ್ಲೇ ಙ, ಞ ಎರಡನ್ನೂ ಏಟು ತಿಂದು ಕಲಿತೆವು. ‘ಙ’ಕ್ಕೆ ಚಿತ್ರ ಬರೆಯಲು ಯಾವ ಪುಸ್ತಕದವನಿಗೂ ಆಗಿರಲಿಲ್ಲ, ಖಾಲಿ ಚೌಕವಿತ್ತು. ಆಮೇಲೆ ಆ ಅಕ್ಷರ ನನಗೆ ವಾಙ್ಮಯದೊಳಗಲ್ಲದೆ ಬೇರೆಲ್ಲೂ ಎದುರಾಗಲಿಲ್ಲ. ಆದರೂ ಕಲಿತೆವು, ಅದು ಮುಖ್ಯ. ಯಾಕೆ ಮುಖ್ಯ ಎಂದರೆ... ಆದರೆ ಇದನ್ನು ಬರೆಯಲು ಕೂತಾಗಲೇ ಕಿಟಕಿಯಾಚೆ ಮಕ್ಕಳು ಮುಂದಿನ ಗುಂಪಿಗೆ ಹೋಗಿಬಿಟ್ಟಿದ್ದರು: ‘ಜ... ವ... ಮ... ಬ... ನ...’

ಒಟ್ಟು ಹತ್ತು ಅಕ್ಷರ. ಬಸವ, ನಗರ, ಗಗನ, ಸದನ, ನವರಸ. ಗೆಳೆಯರಿಗೆ ಹೇಳಬಾರದೆಂದುಕೊಂಡೆ. ಪೋಸ್ಟ್ ಮಾಸ್ಟರ ಸೊಸೆ ಆಗಲೇ ದೂರಿದ್ದಳು, ಮಾವನವರು ಊಟದ ತಟ್ಟೆಯಲ್ಲಿ ಸಾರಿನಿಂದ ಅಕ್ಷರ ಬರೆಯುತ್ತಾರೆ ಎಂದು. ಆದರೆ ಹೇಳದೆ ಇರಲಾಗಲಿಲ್ಲ, ಹೇಳಿದೆ. ಅಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಪೋಸ್ಟ್ ಮಾಸ್ಟರ ಫೋನು ಬಂತು. ‘ಅವಸರ!’ ಎಂದರು, ಉಸಿರು ಕಟ್ಟಿದಂತಿತ್ತು, ಫೋನು ಇಟ್ಟರು. ಅವರಿಗೆ ಮೊದಲೇ ಹೃದಯದ ತೊಂದರೆ. ನಾನು ಪಂಚೆ ಎತ್ತಿಕಟ್ಟಿ, ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿ, ಎರಡು ಬೀದಿ ಓಡಿ, ಅವರ ಮನೆಯ ಬಾಗಿಲು ಬಡಿದೆ. ಬಾಗಿಲು ತೆಗೆದವರು ಅವರೇ.

‘ನಾಲ್ಕಕ್ಷರ,’ ಎಂದರು. ‘ಬರಕೋರಿ.’